ಫ್ಯಾಟಿ ಲಿವರ್‌ಗೂ ನಾರಿಗೂ ಏನು ಸಂಬಂಧ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಅಂತ ಬಂದರೆ ಸಾಕು, ಯಾರಾದರೊಬ್ಬರು ‘ನಾರು ಜಾಸ್ತಿ ತಿನ್ನಿ, ಎಲ್ಲ ಕರಗುತ್ತೆ’ ಎಂದು ಹೇಳಿಬಿಡುತ್ತಾರೆ. ಪ್ರಶ್ನೆಗಳು ಅಲ್ಲಿಂದಲೇ ಶುರು. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸರಳವಾದವು, ಆಮೇಲೆ ಸ್ವಲ್ಪ ಆಳದವು. ನಿಮ್ಮ ವೈದ್ಯರು ನಿಮ್ಮ ರಿಪೋರ್ಟ್ ನೋಡಿ ಹೇಳಿದ್ದು ಇಲ್ಲಿರುವುದಕ್ಕಿಂತ ಬೇರೆ ಇದ್ದರೆ ಅವರ ಮಾತನ್ನೇ ಕೇಳಿ.

## ಮೊದಲು ತಿಳಿಯಬೇಕಾದದ್ದು

ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಎಲ್ಲರಿಗೂ ಇರುತ್ತಲ್ವಾ? ಎಷ್ಟಾದರೆ ಹೆದರಬೇಕು?

ಇರುತ್ತದೆ. ಲಿವರ್‌ನ ಶೇ 5ಕ್ಕಿಂತ ಹೆಚ್ಚು ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳು ತುಂಬಿಕೊಂಡರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ 30 ಮಂದಿಗೆ ಇದು ಇದೆ ಎಂಬ ಅಂದಾಜಿದೆ. ಹಾಗಾಗಿ ರಿಪೋರ್ಟ್ ನೋಡಿ ರಾತ್ರಿಯಿಡೀ ನಿದ್ದೆಗೆಡಬೇಕಾಗಿಲ್ಲ. ಹೆಚ್ಚಿನವರಲ್ಲಿ ಕೊಬ್ಬು ಸುಮ್ನೆ ಕೂತಿರುತ್ತದೆ. ಕೆಲವರಲ್ಲಿ ಮಾತ್ರ ಉರಿಯೂತ ಶುರುವಾಗಿ, ಗಾಯದ ಕಲೆಯಂಥ ಅಂಗಾಂಶ ಬೆಳೆದು, ವರ್ಷಗಳ ನಂತರ ಸಿರೋಸಿಸ್ (ಕಲೆ ತುಂಬಿ ಲಿವರ್ ಗಟ್ಟಿಯಾಗುವ ಹಂತ) ಆಗಬಹುದು. ಫ್ಯಾಟಿ ಲಿವರ್ ಇರುವವರ ಜೀವಕ್ಕೆ ಅತಿ ಹೆಚ್ಚು ಅಪಾಯ ತರುವುದು ಲಿವರ್ ಅಲ್ಲ, ಹೃದಯ. ಇದನ್ನು ತುಂಬ ಜನ ಮರೆಯುತ್ತಾರೆ.

ರಿಪೋರ್ಟಿನಲ್ಲಿ ಎನ್‌ಎಎಫ್‌ಎಲ್‌ಡಿ ಬದಲು ಎಂಎಎಸ್‌ಎಲ್‌ಡಿ ಎಂದಿದ್ದರೆ ಗಾಬರಿ ಬೇಡ. 2023ರಲ್ಲಿ ಹೆಸರು ಬದಲಾಯಿತು, ಕಾಯಿಲೆ ಅದೇ.

ನಾನು ಎಣ್ಣೆ, ಬೆಣ್ಣೆ ಮುಟ್ಟೋದೇ ಇಲ್ಲ. ಆದರೂ ಲಿವರ್‌ಗೆ ಕೊಬ್ಬು ಎಲ್ಲಿಂದ ಬಂತು?

ಇದಕ್ಕೆ ಉತ್ತರ ಗೊತ್ತಾದರೆ ಮುಂದಿನ ಅರ್ಧ ಪ್ರಶ್ನೆಗಳು ತಾವೇ ಬಿಡಿಸಿಕೊಳ್ಳುತ್ತವೆ. ಲಿವರ್ ಕೊಬ್ಬನ್ನು ಜಮಾ-ಖರ್ಚಿನ ಲೆಕ್ಕದ ಹಾಗೆ ನೋಡಿ. ಜಮಾ ಆಗುವುದು ಮೂರು ದಾರಿಯಿಂದ. 2005ರಲ್ಲಿ ಫ್ಯಾಟಿ ಲಿವರ್ ಇದ್ದವರಿಗೆ ಗುರುತು ಹಾಕಿದ ಅಣುಗಳನ್ನು ಕೊಟ್ಟು, ಲಿವರ್‌ನಲ್ಲಿದ್ದ ಕೊಬ್ಬು ಎಲ್ಲಿಂದ ಬಂತು ಎಂದು ಪತ್ತೆ ಮಾಡಿದರು. ಸುಮಾರು ಶೇ 59 ಮೈಯ ಕೊಬ್ಬಿನಿಂದ ರಕ್ತಕ್ಕೆ ಇಳಿದು ಬಂದದ್ದು. ಶೇ 26 ಲಿವರ್ ತಾನೇ ಸಕ್ಕರೆ-ಪಿಷ್ಟದಿಂದ ತಯಾರಿಸಿದ್ದು. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಬರೀ ಶೇ 15.

ಖರ್ಚಿನ ದಾರಿ ಎರಡು. ಒಂದೋ ಲಿವರ್ ಆ ಕೊಬ್ಬನ್ನು ಉರಿಸಿ ಶಕ್ತಿ ಮಾಡಿಕೊಳ್ಳಬೇಕು, ಇಲ್ಲವೇ ವಿಎಲ್‌ಡಿಎಲ್ ಎಂಬ, ಕೊಬ್ಬು ಸಾಗಿಸುವ ಕಣಗಳಲ್ಲಿ ತುಂಬಿ ರಕ್ತಕ್ಕೆ ಕಳಿಸಬೇಕು. ಜಮಾ ಜಾಸ್ತಿ, ಖರ್ಚು ಕಡಿಮೆ ಆದಾಗ ಕೊಬ್ಬು ಉಳಿಯುತ್ತದೆ. ಎಣ್ಣೆ ಬಿಟ್ಟು ಸಿಹಿ ಪಾನೀಯ ಕುಡಿಯುವವರ ಲಿವರ್‌ನಲ್ಲಿ ಕೊಬ್ಬು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಜೀರ್ಣವೇ ಆಗದ ನಾರು ಲಿವರ್‌ಗೆ ಹೇಗೆ ಉಪಯೋಗ ಆಗುತ್ತೆ?

ನಾರನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿ ಇಲ್ಲ, ನಿಜ. ಅದು ಸಣ್ಣಕರುಳನ್ನು ಹಾಗೇ ದಾಟಿ ದೊಡ್ಡಕರುಳು ಸೇರುತ್ತದೆ. ಆದರೆ ದಾಟುವಾಗ ಸುಮ್ನೆ ಹೋಗುವುದಿಲ್ಲ. ಕೆಲವು ಬಗೆಯ ನಾರು ನೀರು ಹೀರಿ ಲೋಳೆಯಂತಾಗಿ, ಸಕ್ಕರೆ ರಕ್ತ ಸೇರುವ ವೇಗ ಇಳಿಸುತ್ತದೆ. ಕೆಲವು ಬಗೆ ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಆ ಬ್ಯಾಕ್ಟೀರಿಯಾಗಳು ತಯಾರಿಸುವ ವಸ್ತುಗಳು ನೇರ ಲಿವರ್‌ಗೆ ಬರುತ್ತವೆ.

ನೇರ ಎಂದರೆ ನಿಜಕ್ಕೂ ನೇರ. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ, ಮತ್ತು ಅದು ಹೆಚ್ಚಾಗಿ ಕರುಳಿನಿಂದ ಬರುವ ರಕ್ತ. ಕರುಳಿನಲ್ಲಿ ಏನೇ ಬದಲಾದರೂ ಅದರ ಸುದ್ದಿ ಮೊದಲು ಮುಟ್ಟುವುದು ಲಿವರ್‌ಗೆ.

ಸುತ್ತಿ ಬಳಸಿ ಹೇಳಬೇಡಿ. ನಾರು ತಿಂದರೆ ಲಿವರ್ ಕೊಬ್ಬು ಕರಗುತ್ತಾ, ಇಲ್ವಾ?

ಕೊಬ್ಬನ್ನು ಕರಗಿಸುವ ಗುಣ ನಾರಿಗೆ ಇಲ್ಲ. ನಾರು ಮಾಡುವುದು ಮುಖ್ಯವಾಗಿ ಜಮಾ ತಗ್ಗಿಸುವ ಕೆಲಸ. ಸಕ್ಕರೆ ನಿಧಾನವಾಗಿ ಬಂದರೆ ಇನ್ಸುಲಿನ್ ಅಷ್ಟು ಏರುವುದಿಲ್ಲ. ಸಕ್ಕರೆಯನ್ನು ಕೋಶಗಳಿಗೆ ಸೇರಿಸುವ ಈ ಹಾರ್ಮೋನ್ ಏರದಿದ್ದರೆ ಲಿವರ್ ಹೊಸ ಕೊಬ್ಬು ತಯಾರಿಸುವುದೂ ಕಡಿಮೆ. ಹೊಟ್ಟೆ ಬೇಗ ತುಂಬಿದರೆ ತಿನ್ನುವುದು ಕಡಿಮೆಯಾಗಿ ತೂಕ ಇಳಿಯುತ್ತದೆ. ಆಗ ಮೈಯ ಕೊಬ್ಬಿನಿಂದ ಬರುವ ಆ ಶೇ 59ರ ಪಾಲೂ ತಗ್ಗುತ್ತದೆ. ಉಳಿದ ಕೆಲಸ ತಾನಾಗೇ ಆಗುತ್ತದೆ, ಏಕೆಂದರೆ ಲಿವರ್ ಯಾವಾಗಲೂ ಒಂದಿಷ್ಟು ಕೊಬ್ಬನ್ನು ಖರ್ಚು ಮಾಡುತ್ತಲೇ ಇರುತ್ತದೆ.

ಹಾಗಾಗಿ ನಾರಿನ ಪರಿಣಾಮ ನಿಜ, ಆದರೆ ದೊಡ್ಡದಲ್ಲ. ಉಳಿದೆಲ್ಲ ತಿನ್ನುವುದನ್ನು ಹಾಗೇ ಇಟ್ಟುಕೊಂಡು ಮೇಲೆ ಒಂದು ಚಮಚ ನಾರು ಸೇರಿಸಿದರೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ನಾರಿರುವ ಆಹಾರ ತಟ್ಟೆಗೆ ಬಂದು, ನಾರಿಲ್ಲದ್ದು ತಟ್ಟೆಯಿಂದ ಹೋದಾಗ ಪರಿಣಾಮ ಕಾಣುತ್ತದೆ.

ದಿನಕ್ಕೆ ಎಷ್ಟು ಗ್ರಾಂ ಬೇಕು? ಅಳೆಯೋದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆ: ವಯಸ್ಕರಿಗೆ ಕನಿಷ್ಠ 25 ಗ್ರಾಂ, 6ರಿಂದ 9 ವರ್ಷದವರಿಗೆ 21, 2ರಿಂದ 5 ವರ್ಷದವರಿಗೆ 15. ಇದು ಸಹಜವಾಗಿ ಆಹಾರದಲ್ಲೇ ಇರುವ ನಾರಿನ ಲೆಕ್ಕ. ಫ್ಯಾಟಿ ಲಿವರ್‌ಗೆಂದೇ ಬೇರೆ ಅಂಕಿ ಇಲ್ಲ.

ತೂಕ ಮಾಡುತ್ತಾ ಕೂರಬೇಡಿ. ಒಂದು ಕಪ್ ಬೇಯಿಸಿದ ಬೇಳೆಕಾಳಿನಲ್ಲಿ ಸುಮಾರು 15 ಗ್ರಾಂ ನಾರು ಇರುತ್ತದೆ. ಸಿಪ್ಪೆ ಸಮೇತ ಒಂದು ಮಧ್ಯಮ ಗಾತ್ರದ ಸೇಬಿನಲ್ಲಿ 4 ಗ್ರಾಂ, ಒಂದು ಹಿಡಿ ಬಾದಾಮಿಯಲ್ಲಿ 3ರಿಂದ 4. ಪಾಲಿಶ್ ಮಾಡಿದ ಅಕ್ಕಿಯ ಒಂದು ಕಪ್ ಅನ್ನದಲ್ಲಿ ಒಂದು ಗ್ರಾಂ ಕೂಡ ಇರುವುದಿಲ್ಲ. ಕಾಳು ಇದ್ದ ದಿನ ಗುರಿ ಮುಟ್ಟುತ್ತೀರಿ, ಇಲ್ಲದ ದಿನ ಕಷ್ಟ. ಬರೀ ಸೊಪ್ಪು, ಸಲಾಡ್ ನೆಚ್ಚಿಕೊಂಡವರು ಇಲ್ಲೇ ಎಡವುತ್ತಾರೆ. ಸೌತೆಕಾಯಿ, ಲೆಟಿಸ್‌ನಂಥವು ಹೆಚ್ಚಾಗಿ ನೀರೇ.

ಕರಗುವ ನಾರು ಒಳ್ಳೇದಾ, ಕರಗದ ನಾರಾ?

ಹಳೆಯ ವಿಂಗಡಣೆ ಇದು, ಈಗ ಅಷ್ಟು ಉಪಯೋಗವಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ. ಅದು ಲೋಳೆಯಾಗುತ್ತದಾ? ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತವಾ? ಓಟ್ಸ್, ಬಾರ್ಲಿಯಲ್ಲಿರುವ ಬೀಟಾ-ಗ್ಲೂಕನ್ ಎಂಬ ನಾರು ಎರಡೂ ಮಾಡುತ್ತದೆ. ಇಸಬ್‌ಗೋಲ್ ಲೋಳೆಯಾಗುತ್ತದೆ, ಆದರೆ ಬ್ಯಾಕ್ಟೀರಿಯಾ ಅದನ್ನು ಹೆಚ್ಚು ತಿನ್ನುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಇನುಲಿನ್ ಎಂಬ ನಾರು ನೀರಿನಲ್ಲಿ ಕರಗುತ್ತದೆ, ಬ್ಯಾಕ್ಟೀರಿಯಾಗಳಿಗೂ ಇಷ್ಟ, ಆದರೆ ಲೋಳೆಯಾಗುವುದಿಲ್ಲ. ಗೋಧಿ ಹೊಟ್ಟು ಇವೆರಡನ್ನೂ ಅಷ್ಟಾಗಿ ಮಾಡದು, ಆದರೆ ಮಲಬದ್ಧತೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಳು, ಧಾನ್ಯ, ಹಣ್ಣು, ತರಕಾರಿ ಬದಲಿಸಿ ಬದಲಿಸಿ ತಿಂದರೆ ಎಲ್ಲ ಬಗೆಯೂ ಸಿಗುತ್ತದೆ. ಪಟ್ಟಿ ಹಿಡಿದು ಓಡಾಡಬೇಕಾಗಿಲ್ಲ.

## ಊಟದ ತಟ್ಟೆಯ ಪ್ರಶ್ನೆಗಳು

ಹಣ್ಣಿನಲ್ಲಿ ಫ್ರಕ್ಟೋಸ್ ಇದೆ, ಅದು ಲಿವರ್‌ಗೆ ವಿಷ ಅಂತಾರೆ. ಹಣ್ಣು ಬಿಟ್ಟುಬಿಡ್ಲಾ?

ಬಿಡಬೇಡಿ. ಫ್ರಕ್ಟೋಸ್ ಬಗ್ಗೆ ಹೆದರಿಸುವವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಗ್ಲೂಕೋಸ್ ಅನ್ನು ಇಡೀ ದೇಹ ಬಳಸುತ್ತದೆ. ಫ್ರಕ್ಟೋಸ್‌ನ ಹೆಚ್ಚಿನ ಪಾಲನ್ನು ಸಂಭಾಳಿಸುವುದು ಕರುಳು ಮತ್ತು ಲಿವರ್. ಒಮ್ಮೆಗೇ ಜಾಸ್ತಿ ಬಂದರೆ ಲಿವರ್ ಅದನ್ನು ಕೊಬ್ಬು ಮಾಡಿ ಇಡುತ್ತದೆ. ಇಲ್ಲಿ ‘ಒಮ್ಮೆಗೇ’ ಅನ್ನುವುದೇ ಮುಖ್ಯ. ಇಲಿಗಳಲ್ಲಿ ಸ್ವಲ್ಪ ಸ್ವಲ್ಪ ಫ್ರಕ್ಟೋಸ್ ಕೊಟ್ಟಾಗ ಸಣ್ಣಕರುಳೇ ಅದರ ಬಹುಪಾಲನ್ನು ಬೇರೆ ರೂಪಕ್ಕೆ ಬದಲಿಸಿತು, ಲಿವರ್‌ವರೆಗೆ ಹೋಗಲು ಬಿಡಲಿಲ್ಲ. ಪ್ರಮಾಣ ಏರಿಸಿದಾಗ ಕರುಳಿನ ಕೈ ಮೀರಿ ಉಳಿದದ್ದು ಲಿವರ್‌ಗೂ ದೊಡ್ಡಕರುಳಿಗೂ ಹೋಯಿತು.

ಇಡೀ ಹಣ್ಣು ಇಲ್ಲಿ ಹೇಗೆ ಕಾಪಾಡುತ್ತದೆ ಎಂಬುದಕ್ಕೆ 1977ರ ಒಂದು ಪ್ರಯೋಗ ನನಗೆ ತುಂಬ ಇಷ್ಟ. ಹತ್ತು ಮಂದಿಗೆ ಸೇಬನ್ನು ಮೂರು ರೂಪದಲ್ಲಿ ಕೊಟ್ಟರು: ಇಡೀ ಹಣ್ಣು, ರುಬ್ಬಿದ್ದು, ಸೋಸಿದ ಜ್ಯೂಸ್. ಮೂರರಲ್ಲೂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಅಷ್ಟೇ, 60 ಗ್ರಾಂ. ಜ್ಯೂಸನ್ನು ಇಡೀ ಹಣ್ಣಿಗಿಂತ 11 ಪಟ್ಟು ಬೇಗ ಮುಗಿಸಿದರು. ಹೊಟ್ಟೆ ತುಂಬಿದ ಭಾವನೆ ಇಡೀ ಹಣ್ಣಿಗೆ ಜಾಸ್ತಿ, ಜ್ಯೂಸಿಗೆ ಕಡಿಮೆ. ಜ್ಯೂಸ್ ಕುಡಿದ ಮೇಲೆ ಇನ್ಸುಲಿನ್ ಹೆಚ್ಚು ಏರಿತು, ಆಮೇಲೆ ರಕ್ತದ ಸಕ್ಕರೆ ಜಾರಿ ಕೆಳಗಿಳಿಯಿತು. ಹಣ್ಣು ಒಂದೇ, ಸಕ್ಕರೆಯೂ ಅಷ್ಟೇ. ಬದಲಾದದ್ದು ನಾರಿನ ಸ್ಥಿತಿ ಮಾತ್ರ.

ಜೊತೆಗೆ ಪ್ರಮಾಣದ ಮಾತೂ ಇದೆ. 330 ಮಿಲಿ ತಂಪು ಪಾನೀಯದ ಕ್ಯಾನಿನಲ್ಲಿ ಸಾಮಾನ್ಯವಾಗಿ 35 ಗ್ರಾಂ ಸಕ್ಕರೆ ಇರುತ್ತದೆ, ಎರಡು ನಿಮಿಷದಲ್ಲಿ ಒಳಗೆ ಹೋಗುತ್ತದೆ. ಅಷ್ಟು ಸಕ್ಕರೆ ಸೇಬಿನಿಂದ ಬರಬೇಕಾದರೆ ಎರಡು ಸೇಬು ಅಗಿದು ತಿನ್ನಬೇಕು. ಮೂರನೆಯದಕ್ಕೆ ಕೈ ಹಾಕುವವರು ಕಡಿಮೆ, ಅಲ್ವಾ? ಸಕ್ಕರೆ ಕಾಯಿಲೆ ಇರುವವರು ಮಾತ್ರ ದಿನಕ್ಕೆ ಎಷ್ಟು ಹಣ್ಣು ಎಂದು ವೈದ್ಯರನ್ನು ಕೇಳಿ ನಿರ್ಧರಿಸಲಿ.

ಹಾಗಾದರೆ ಜ್ಯೂಸಿಗೇ ನಾರಿನ ಪುಡಿ ಬೆರೆಸಿ ಕುಡಿದರೆ ಆಯ್ತಲ್ಲ?

ಸ್ವಲ್ಪ ಉಪಯೋಗ ಆಗಬಹುದು, ಆದರೆ ಇಡೀ ಹಣ್ಣಿಗೆ ಸಮ ಆಗುವುದಿಲ್ಲ. ಹಣ್ಣಿನ ನಾರು ಅಂದರೆ ಜೀವಕೋಶದ ಗೋಡೆ, ಸಕ್ಕರೆ ಇರುವುದು ಆ ಗೋಡೆಯ ಒಳಗೆ. ಅಗಿದು, ಜೀರ್ಣರಸ ಒಳಹೊಕ್ಕ ಮೇಲಷ್ಟೇ ಅದು ಹೊರಬರುತ್ತದೆ. ಪುಡಿ ಬೆರೆಸಿದ ಜ್ಯೂಸಿನಲ್ಲಿ ಸಕ್ಕರೆ ಆಗಲೇ ಹೊರಗಿದೆ, ನಾರು ಪಕ್ಕದಲ್ಲಿ ತೇಲುತ್ತಿದೆ. ಬಾದಾಮಿಯ ವಿಷಯವೂ ಹೀಗೇ. ಇಡಿಯಾಗಿ ತಿಂದಾಗ ಅದರ ಕೊಬ್ಬಿನ ಒಂದು ಭಾಗ ಗೋಡೆಯೊಳಗೇ ಉಳಿದು, ಜೀರ್ಣವಾಗದೆ ಹೊರಗೆ ಹೋಗುತ್ತದೆ.

ಇಸಬ್‌ಗೋಲ್ ದಿನಾ ತಗೊಂಡರೆ ಸಾಕಾ?

ಕೊಲೆಸ್ಟ್ರಾಲ್ ಇಳಿಸುವುದರಲ್ಲಿ ಇಸಬ್‌ಗೋಲ್‌ಗೆ ಒಳ್ಳೆಯ ಪುರಾವೆ ಇದೆ. 1998ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಹೊಟ್ಟಿಗೆ ಹೃದಯದ ಆರೋಗ್ಯದ ಹೇಳಿಕೆ ಹಾಕಿಕೊಳ್ಳಲು ಅನುಮತಿಯನ್ನೂ ಕೊಟ್ಟಿತು. ಸಕ್ಕರೆ ಕಾಯಿಲೆ ಇರುವವರಲ್ಲಿ ಊಟದ ನಂತರದ ಸಕ್ಕರೆಯನ್ನೂ ಸ್ವಲ್ಪ ತಗ್ಗಿಸುತ್ತದೆ. ಲಿವರ್ ಕೊಬ್ಬಿನ ವಿಷಯದಲ್ಲಿ ಮಾತ್ರ ಇಷ್ಟು ಗಟ್ಟಿ ಪುರಾವೆ ಇಲ್ಲ. ಕೊಲೆಸ್ಟ್ರಾಲ್ ಜಾಸ್ತಿ ಇದ್ದರೆ, ಮಲಬದ್ಧತೆ ಇದ್ದರೆ ತೆಗೆದುಕೊಳ್ಳಿ, ಒಳ್ಳೆಯದೇ. ಲಿವರ್‌ಗೆ ಅದೊಂದೇ ಸಾಕು ಎಂದುಕೊಳ್ಳಬೇಡಿ.

ತೆಗೆದುಕೊಳ್ಳುವಾಗ ಒಂದು ದೊಡ್ಡ ಲೋಟ ನೀರು ಜೊತೆಗಿರಲಿ. ಒಣ ಪುಡಿ ಗಂಟಲಲ್ಲೇ ಉಬ್ಬಿ ಸಿಕ್ಕಿಹಾಕಿಕೊಳ್ಳಬಹುದು. ನುಂಗಲು ತೊಂದರೆ ಇರುವವರು, ಕರುಳು ಕಿರಿದಾದವರು ಅದರ ಸಹವಾಸವೇ ಬೇಡ.

ಪ್ಯಾಕೆಟ್ ಮೇಲೆ ‘ಹೈ ಫೈಬರ್’ ಅಂತ ಬರೆದ ಬಿಸ್ಕತ್ತು?

ಬಿಸ್ಕತ್ತು ಬಿಸ್ಕತ್ತೇ. ಪ್ಯಾಕೆಟ್ ತಿರುಗಿಸಿ ಸಕ್ಕರೆ ಎಷ್ಟಿದೆ ನೋಡಿ.

ಅನ್ನ, ಆಲೂಗಡ್ಡೆ ಬೇಯಿಸಿ ಫ್ರಿಜ್‌ನಲ್ಲಿಟ್ಟು ತಿಂದರೆ ಅದು ನಾರು ಆಗುತ್ತಂತೆ, ನಿಜವಾ?

ಸ್ವಲ್ಪ ಮಟ್ಟಿಗೆ ನಿಜ. ಬೆಂದ ಪಿಷ್ಟ ತಣ್ಣಗಾದಾಗ ಅದರ ಒಂದು ಭಾಗ ಮತ್ತೆ ಬಿಗಿಯಾಗಿ ಜೋಡಿಸಿಕೊಳ್ಳುತ್ತದೆ. ಆಗ ನಮ್ಮ ಕಿಣ್ವಗಳಿಗೆ ಅದನ್ನು ಒಡೆಯಲು ಆಗುವುದಿಲ್ಲ. ಇದಕ್ಕೆ ನಿರೋಧಕ ಪಿಷ್ಟ ಎನ್ನುತ್ತಾರೆ. ಮತ್ತೆ ಬಿಸಿ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಆದರೆ ಹೀಗೆ ಹುಟ್ಟುವುದು ಕೆಲವೇ ಗ್ರಾಂ. ಉಳಿದ ಪಿಷ್ಟ ಎಂದಿನಂತೆ ಸಕ್ಕರೆಯಾಗುತ್ತದೆ. ತಣ್ಣಗಿನ ಅನ್ನ ಅಂತ ಎರಡು ಪಟ್ಟು ಬಡಿಸಿಕೊಂಡರೆ ಲೆಕ್ಕ ತಲೆಕೆಳಗು. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಡಬೇಡಿ, ಬೇಗ ಫ್ರಿಜ್‌ಗೆ ಹಾಕಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ನಾರು ಜಾಸ್ತಿ ಮಾಡಿದ ಕೂಡಲೇ ಹೊಟ್ಟೆ ಉಬ್ಬರ, ಗ್ಯಾಸ್. ನನಗೆ ಇದು ಆಗಿಬರಲ್ಲ ಅಲ್ವಾ?

ಆಗಿಬರುತ್ತದೆ, ಅವಸರ ಮಾಡಿದ್ದೀರಿ ಅಷ್ಟೇ. ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸುವಾಗ ಗಾಳಿ ಹುಟ್ಟುವುದು ಸಹಜ. ಒಂದೇ ವಾರದಲ್ಲಿ 10 ಗ್ರಾಮಿನಿಂದ 30ಕ್ಕೆ ಹಾರಿದರೆ ಯಾರಿಗೇ ಆದರೂ ಹೊಟ್ಟೆ ಡಮ್ಮೆನ್ನುತ್ತದೆ. ವಾರಕ್ಕೆ 4–5 ಗ್ರಾಂ ಮಾತ್ರ ಏರಿಸಿ. ಕಾಳು ನೆನೆಸಿ, ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ. ನೀರು ಜಾಸ್ತಿ ಕುಡಿಯಿರಿ. ಕರುಳಿನ ಕಿರಿಕಿರಿ ಮೊದಲೇ ಇರುವವರಿಗೆ ಇನುಲಿನ್ ಸೇರಿಸಿದ ತಿನಿಸುಗಳು ತುಂಬ ತೊಂದರೆ ಕೊಡುತ್ತವೆ, ಓಟ್ಸ್ ಅಷ್ಟು ಕೊಡುವುದಿಲ್ಲ. ತೂಕ ತಾನಾಗೇ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಮಾತ್ರ ಅದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ, ವೈದ್ಯರಿಗೆ ತೋರಿಸಿ.

## ಫಲಿತಾಂಶದ ಪ್ರಶ್ನೆಗಳು

ಮೂರು ತಿಂಗಳು ಮಾಡಿದೆ. ಅಲ್ಟ್ರಾಸೌಂಡ್‌ನಲ್ಲಿ ಅದೇ ಗ್ರೇಡ್. ಎಲ್ಲ ವ್ಯರ್ಥನಾ?

ವ್ಯರ್ಥ ಅಂತ ಈಗಲೇ ಹೇಳಬೇಡಿ. ಅಲ್ಟ್ರಾಸೌಂಡ್ ಒರಟು ಅಳತೆ. ಕೊಬ್ಬು ಶೇ 20ಕ್ಕಿಂತ ಕಡಿಮೆ ಇದ್ದರೆ ಎಷ್ಟೋ ಸಲ ಅದಕ್ಕೆ ಕಾಣುವುದೇ ಇಲ್ಲ, ಸಣ್ಣ ಇಳಿಕೆಯೂ ತಿಳಿಯುವುದಿಲ್ಲ. ಗ್ರೇಡ್ ಹಾಕುವುದು ನೋಡುವವರ ಕಣ್ಣಂದಾಜು, ಇಬ್ಬರು ನೋಡಿದರೆ ಎರಡು ಗ್ರೇಡ್ ಬರಬಹುದು. ನಿಖರವಾಗಿ ಬೇಕಾದರೆ ಎಂಆರ್‌ಐ ಪಿಡಿಎಫ್‌ಎಫ್ ಎಂಬ ಅಳತೆ ಇದೆ. ಫೈಬ್ರೋಸ್ಕ್ಯಾನ್ ಎಂಬ ಯಂತ್ರ ಲಿವರ್ ಕೊಬ್ಬಿಗೆ ಕೊಡುವ ಸಿಎಪಿ ಅಂಕ ಇವೆರಡರ ನಡುವಿನದು. ಎಎಲ್‌ಟಿ ಎಂಬ ಲಿವರ್ ಕಿಣ್ವದ ರಕ್ತಪರೀಕ್ಷೆಯನ್ನೇ ನಂಬಿ ಕೂರಬೇಡಿ, ಫ್ಯಾಟಿ ಲಿವರ್ ಇದ್ದೂ ಅದು ಸರಿಯಾಗಿ ಬರಬಹುದು.

ಲಿವರ್ ಕೊಬ್ಬು ಬದಲಾಗಲು ವರ್ಷಗಳೇನೂ ಬೇಕಾಗಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತುಂಬ ಸಿಹಿ ತಿನ್ನುತ್ತಿದ್ದ ಬೊಜ್ಜಿನ ಮಕ್ಕಳಿಗೆ 9 ದಿನ ಸಕ್ಕರೆ ಕಡಿಮೆ ಮಾಡಿ, ಅಷ್ಟೇ ಕ್ಯಾಲೊರಿಯನ್ನು ಪಿಷ್ಟದಿಂದ ಕೊಟ್ಟರು. ಲಿವರ್ ಕೊಬ್ಬು ಶೇ 7.2ರಿಂದ 3.8ಕ್ಕೆ ಇಳಿಯಿತು. ಅವರಿಗೇನೂ ನಾರಿನ ಹಬ್ಬ ಮಾಡಿಸಿರಲಿಲ್ಲ, ಬರೀ ಸಕ್ಕರೆ ತೆಗೆದರು. ನಾರು ಏರಿಸಿಯೂ ಸಿಹಿ ಪಾನೀಯ ಬಿಡದವರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು.

ತೂಕ ಇಳಿಸದೆ ಬರೀ ನಾರಿನಿಂದ ಆಗಲ್ವಾ?

ಸ್ವಲ್ಪ ಆಗಬಹುದು. ಆದರೆ ತೂಕದ ಮುಂದೆ ಉಳಿದದ್ದೆಲ್ಲ ಚಿಕ್ಕದು. ತೂಕದಲ್ಲಿ ಶೇ 5ರಷ್ಟು ಇಳಿದರೆ ಲಿವರ್ ಕೊಬ್ಬು ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಶೇ 7ರಿಂದ 10ರಷ್ಟು ಇಳಿದರೆ ಉರಿಯೂತ ಕಡಿಮೆಯಾಗುತ್ತದೆ. ಶೇ 10 ಅಥವಾ ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಿ ಹಲವರಿಗೆ ಲಿವರ್‌ನ ಕಲೆಯೂ ಕಡಿಮೆಯಾಗಿದೆ. ನಾರು ಹಸಿವನ್ನು ಹಿಡಿತದಲ್ಲಿಟ್ಟು ಈ ದಾರಿಯನ್ನು ಸ್ವಲ್ಪ ಸುಲಭ ಮಾಡುತ್ತದೆ. ಅದರ ಅತಿ ದೊಡ್ಡ ಉಪಕಾರ ಇದೇ ಎಂದು ನನ್ನ ಅಭಿಪ್ರಾಯ.

ನಾನು ಸಣ್ಣಗಿದ್ದೀನಿ. ನನಗ್ಯಾಕೆ ಫ್ಯಾಟಿ ಲಿವರ್?

ತೆಳ್ಳಗಿರುವವರಲ್ಲೂ ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿ ಇರಬಹುದು, ಸ್ನಾಯು ಕಡಿಮೆ ಇರಬಹುದು. ಪಿಎನ್‌ಪಿಎಲ್‌ಎ3 ಎಂಬ ಜೀನ್‌ನ ಒಂದು ರೂಪ ಇರುವವರ ಲಿವರ್ ಕೊಬ್ಬನ್ನು ಹೊರಗೆ ಬಿಡಲು ಹಿಂದೆಮುಂದೆ ನೋಡುತ್ತದೆ. ನಿಮಗೆ ಶೇ 3ರಿಂದ 5ರಷ್ಟು ತೂಕ ಇಳಿದರೂ ಪ್ರಯೋಜನ ಇದೆ. ಕೆಲವು ಔಷಧಿಗಳು, ಲಿವರ್‌ನ ಬೇರೆ ಕಾಯಿಲೆಗಳು ಕಾರಣವಲ್ಲ ಎಂದು ವೈದ್ಯರು ಖಚಿತ ಮಾಡಿಕೊಳ್ಳಲಿ.

ವಾರಾಂತ್ಯಕ್ಕೆ ಕುಡೀತೀನಿ. ಜೊತೆಗೆ ಸಲಾಡ್ ತಿಂದರೆ ಪರವಾಗಿಲ್ವಾ?

ಇಲ್ಲ. ಹೊಟ್ಟೆಯಲ್ಲಿ ಆಹಾರ ಇದ್ದರೆ ಮದ್ಯ ನಿಧಾನವಾಗಿ ಏರುತ್ತದೆ, ಆದರೆ ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಲಿವರ್‌ಗೇ ಹೋಗುತ್ತದೆ. ಮದ್ಯ ಉರಿಸುವ ಕೆಲಸ ಮುಗಿಯುವವರೆಗೆ ಲಿವರ್ ಕೊಬ್ಬು ಉರಿಸುವುದನ್ನು ಬದಿಗಿಡುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಬ್ಯಾಕ್ಟೀರಿಯಾ ನಾರಿನಿಂದ ಕೊಬ್ಬಿನ ಆಮ್ಲ ಮಾಡುತ್ತವಂತೆ. ಅದೂ ಕೊಬ್ಬೇ ಅಲ್ವಾ? ಲಿವರ್‌ಗೆ ಇನ್ನೂ ಕೊಬ್ಬು ಸೇರಿದಂಗಾಯ್ತಲ್ಲ?

ಒಳ್ಳೆಯ ಪ್ರಶ್ನೆ. ಹುದುಗುವಿಕೆಯಲ್ಲಿ ಹುಟ್ಟುವುದು ಮುಖ್ಯವಾಗಿ ಮೂರು ಸಣ್ಣ ಆಮ್ಲಗಳು: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಬ್ಯುಟಿರೇಟ್ ಅನ್ನು ಹೆಚ್ಚಾಗಿ ದೊಡ್ಡಕರುಳಿನ ಗೋಡೆಯ ಕೋಶಗಳೇ ಬಳಸಿಕೊಳ್ಳುತ್ತವೆ. ಪ್ರೊಪಿಯೊನೇಟ್‌ನ ಬಹುಪಾಲನ್ನು ಲಿವರ್ ಹಿಡಿದಿಟ್ಟುಕೊಳ್ಳುತ್ತದೆ. ಲಿವರ್‌ನಲ್ಲಿ ಕೊಬ್ಬು ತಯಾರಾಗುವುದನ್ನು ಅದು ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಕರುಳಿನ ಕೋಶಗಳಿಂದ ಜಿಎಲ್‌ಪಿ-1, ಪಿವೈವೈ ಎಂಬ ಹಸಿವು ತಗ್ಗಿಸುವ ಹಾರ್ಮೋನುಗಳು ಹೊರಬರಲೂ ಈ ಆಮ್ಲಗಳು ಕಾರಣ. 2015ರ ಒಂದು ಅಧ್ಯಯನದಲ್ಲಿ ಇನುಲಿನ್‌ಗೆ ಪ್ರೊಪಿಯೊನೇಟ್ ಅಂಟಿಸಿ, ದಿನಕ್ಕೆ 10 ಗ್ರಾಮಿನಂತೆ 24 ವಾರ ಕೊಟ್ಟರು. ತೂಕ ಏರುವುದು ತಗ್ಗಿತು, ಫ್ಯಾಟಿ ಲಿವರ್ ಇದ್ದವರಲ್ಲಿ ಲಿವರ್ ಕೊಬ್ಬೂ ಇಳಿಯಿತು.

ಅಸಿಟೇಟ್ ಮಾತ್ರ ಎರಡು ಕಡೆಯೂ ಆಡುತ್ತದೆ. ಲಿವರ್ ಅದರಿಂದಲೇ ಕೊಬ್ಬು ಕಟ್ಟಬಲ್ಲದು. 2020ರ ಇಲಿ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು: ಜಾಸ್ತಿ ಫ್ರಕ್ಟೋಸ್ ಕೊಟ್ಟಾಗ ದೊಡ್ಡಕರುಳು ತಲುಪಿದ್ದನ್ನು ಬ್ಯಾಕ್ಟೀರಿಯಾಗಳು ಅಸಿಟೇಟ್ ಮಾಡಿದವು, ಲಿವರ್ ಅದನ್ನು ಕೊಬ್ಬು ಮಾಡಿತು. ನಾರಿನಿಂದ ಬರುವ ಅಸಿಟೇಟ್ ಹೀಗೆ ಯಾಕೆ ಹಾನಿ ಮಾಡುವುದಿಲ್ಲ? ಅದು ದಿನವಿಡೀ ಹನಿ ಹನಿಯಾಗಿ ಬರುತ್ತದೆ, ಜೊತೆಗೆ ‘ಕೊಬ್ಬು ಕಟ್ಟು’ ಎನ್ನುವ ಇನ್ಸುಲಿನ್ ಮತ್ತು ಫ್ರಕ್ಟೋಸ್‌ನ ಒತ್ತಡ ಇರುವುದಿಲ್ಲ. ಶಕ್ತಿಯ ಲೆಕ್ಕದಲ್ಲೂ ನಾರು ಸಣ್ಣದು. ಹುದುಗಿದ ಮೇಲೆ ಒಂದು ಗ್ರಾಂಗೆ ಸುಮಾರು 2 ಕ್ಯಾಲೊರಿ, ಪಿಷ್ಟಕ್ಕಾದರೆ 4.

ಪಿತ್ತರಸಕ್ಕೂ ನಾರಿಗೂ ಏನೋ ಸಂಬಂಧ ಇದೆಯಂತಲ್ಲ?

ಇದೆ. ಲಿವರ್ ಕೊಲೆಸ್ಟ್ರಾಲಿನಿಂದ ಪಿತ್ತ ಆಮ್ಲ ತಯಾರಿಸಿ ಕರುಳಿಗೆ ಬಿಡುತ್ತದೆ. ಶೇ 95ರಷ್ಟು ವಾಪಸ್ ಹೀರಿಕೊಂಡು ಮತ್ತೆ ಲಿವರ್ ಸೇರುತ್ತದೆ. ಲೋಳೆಯಾಗುವ ನಾರು ಅದರಲ್ಲಿ ಒಂದಿಷ್ಟನ್ನು ಹಿಡಿದು ಮಲದ ಜೊತೆ ಹೊರಗೆ ಕಳಿಸುತ್ತದೆ. ಕೊರತೆ ತುಂಬಲು ಲಿವರ್ ಇನ್ನಷ್ಟು ಕೊಲೆಸ್ಟ್ರಾಲ್ ಬಳಸಬೇಕಾಗುತ್ತದೆ, ರಕ್ತದ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಇಳಿಯುತ್ತದೆ. ಓಟ್ಸ್‌ನ 3 ಗ್ರಾಂ ಬೀಟಾ-ಗ್ಲೂಕನ್ ಕೊಲೆಸ್ಟ್ರಾಲ್ ಇಳಿಸುವುದು ಹೆಚ್ಚಾಗಿ ಹೀಗೆ. ಆದರೆ ಫ್ಯಾಟಿ ಲಿವರ್‌ನಲ್ಲಿ ತುಂಬಿರುವುದು ಮುಖ್ಯವಾಗಿ ಟ್ರೈಗ್ಲಿಸರೈಡ್ ಎಂಬ ಬಗೆಯ ಕೊಬ್ಬು, ಕೊಲೆಸ್ಟ್ರಾಲ್ ಅಲ್ಲ. ಹಾಗಾಗಿ ಈ ದಾರಿಯಿಂದ ಹೃದಯಕ್ಕೆ ಆಗುವಷ್ಟು ಲಾಭ ಲಿವರ್ ಕೊಬ್ಬಿಗೆ ಆಗುವುದಿಲ್ಲ.

ನಾರು ತಿನ್ನದಿದ್ದರೆ ಕರುಳು ‘ಸೋರುತ್ತೆ’ ಅಂತ ವಿಡಿಯೊಗಳಲ್ಲಿ ಹೇಳ್ತಾರೆ. ಉತ್ಪ್ರೇಕ್ಷೆನಾ?

ವಿಡಿಯೊಗಳಲ್ಲಿ ಹೇಳುವಷ್ಟು ಭಯಾನಕ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ದೊಡ್ಡಕರುಳಿನ ಗೋಡೆಗೆ ಲೋಳೆಯ ಪದರ ಇದೆ. 2016ರಲ್ಲಿ ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೊಂದಿದ್ದ ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟು ನೋಡಿದರು. ಬ್ಯಾಕ್ಟೀರಿಯಾಗಳು ಆ ಲೋಳೆಯನ್ನೇ ತಿನ್ನತೊಡಗಿ, ಪದರ ತೆಳುವಾಯಿತು. ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾಗಳ ಹೊರಕವಚದ ತುಣುಕುಗಳು ಪೋರ್ಟಲ್ ರಕ್ತದಲ್ಲಿ ಲಿವರ್ ಸೇರಿ ಅಲ್ಲಿನ ಕಾವಲು ಕೋಶಗಳನ್ನು ಕೆರಳಿಸುತ್ತವೆ. ಸುಮ್ನೆ ಕೂತಿರುವ ಕೊಬ್ಬು ಉರಿಯೂತದ ಕಡೆ ತಿರುಗಲು ಇದೂ ಒಂದು ಕಾರಣ. ‘ಸೋರುವ ಕರುಳು ಸರಿಮಾಡುವ’ ಪುಡಿಗಳನ್ನು ಮಾರುವವರ ಮಾತಿಗೆ ಮಾತ್ರ ಮರುಳಾಗಬೇಡಿ. ತೂಕ ಇಳಿಸುವ ಗಿಡಮೂಲಿಕೆ ಮಿಶ್ರಣಗಳು, ಹೆಚ್ಚಿನ ಪ್ರಮಾಣದ ಗ್ರೀನ್ ಟೀ ಸಾರ ಇವು ಲಿವರ್‌ಗೇ ಪೆಟ್ಟು ಕೊಟ್ಟ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿ ಸಾಕಷ್ಟಿವೆ.

ಮನುಷ್ಯರ ಮೇಲೆ ಸರಿಯಾದ ಪರೀಕ್ಷೆ ಆಗಿದೆಯಾ, ಎಲ್ಲ ಇಲಿ ಕಥೆನಾ?

ಆಗಿದೆ. ನನಗೆ ತಿಳಿದ ಮಟ್ಟಿಗೆ ಗಟ್ಟಿಯಾದವುಗಳಲ್ಲಿ ಒಂದು 2023ರಲ್ಲಿ ಚೀನಾದಿಂದ ಬಂತು. ಫ್ಯಾಟಿ ಲಿವರ್ ಇದ್ದ 200 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕು ತಿಂಗಳು ದಿನಕ್ಕೆ 40 ಗ್ರಾಂ ಮೆಕ್ಕೆಜೋಳದ ನಿರೋಧಕ ಪಿಷ್ಟ, ಇನ್ನೊಂದಕ್ಕೆ ಅಷ್ಟೇ ಕ್ಯಾಲೊರಿಯ ಮಾಮೂಲಿ ಪಿಷ್ಟ. ನಿರೋಧಕ ಪಿಷ್ಟ ತಿಂದವರಲ್ಲಿ ಲಿವರ್ ಕೊಬ್ಬಿನ ಶೇಕಡಾ ಅಂಕಿ ಇನ್ನೊಂದು ಗುಂಪಿಗಿಂತ ಸುಮಾರು 9ರಷ್ಟು ಹೆಚ್ಚು ಇಳಿಯಿತು. ತೂಕ ಇಳಿದದ್ದರ ಪಾಲು ಕಳೆದರೂ ಸುಮಾರು 6 ಉಳಿಯಿತು. ಅಂದರೆ ತೂಕದಾಚೆಗೂ ಏನೋ ನಡೆದಿದೆ. ಬ್ಯಾಕ್ಟೀರಾಯ್ಡಿಸ್ ಸ್ಟರ್ಕೋರಿಸ್ ಎಂಬ ಬ್ಯಾಕ್ಟೀರಿಯಾ ಕಡಿಮೆಯಾದದ್ದು ಇದಕ್ಕೆ ಜೋಡಿಕೊಂಡಿತ್ತು. ಆ ಮಂದಿಯ ಮಲದ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಹಾಕಿದಾಗ ಇಲಿಗಳ ಲಿವರ್ ಕೂಡ ಸುಧಾರಿಸಿತು.

ಆದರೆ 40 ಗ್ರಾಂ ಸಣ್ಣ ಪ್ರಮಾಣ ಅಲ್ಲ. ಅದು ಪುಡಿ ರೂಪದಲ್ಲಿ ಸಿಕ್ಕದ್ದು, ಮಾಮೂಲಿ ಊಟದಿಂದ ಅಷ್ಟು ಬರುವುದಿಲ್ಲ. ಪರೀಕ್ಷೆ ನಡೆದದ್ದು ನಾಲ್ಕೇ ತಿಂಗಳು.

ಇನುಲಿನ್‌ನಿಂದ ಲಿವರ್ ಕ್ಯಾನ್ಸರ್ ಅಂತ ಓದಿದೆ. ಈಗ ಏನು ಮಾಡೋದು?

ನೀವು ಓದಿದ್ದು 2018ರ ಒಂದು ಇಲಿ ಅಧ್ಯಯನದ ಸುದ್ದಿ. ರೋಗನಿರೋಧಕ ವ್ಯವಸ್ಥೆಯ ಟಿಎಲ್‌ಆರ್5 ಎಂಬ ಭಾಗವೇ ಇಲ್ಲದಂತೆ ಬೆಳೆಸಿದ, ಕರುಳಿನ ಬ್ಯಾಕ್ಟೀರಿಯಾಗಳು ಹದಗೆಟ್ಟ ಇಲಿಗಳಿಗೆ ಶುದ್ಧ ಇನುಲಿನ್ ಬೆರೆಸಿದ ಆಹಾರವನ್ನು ತಿಂಗಳುಗಟ್ಟಲೆ ಕೊಟ್ಟರು. ಅವುಗಳಲ್ಲಿ ಕೆಲವಕ್ಕೆ ಕಾಮಾಲೆ ಬಂದು ಲಿವರ್ ಕ್ಯಾನ್ಸರ್ ಆಯಿತು. ಹುದುಗುವಿಕೆ ತಡೆದಾಗ, ಪಿತ್ತ ಆಮ್ಲವನ್ನು ಹಿಡಿಯುವ ಔಷಧಿ ಕೊಟ್ಟಾಗ ಅದು ತಪ್ಪಿತು. ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಇರುವ ಇನುಲಿನ್‌ಗೆ ಇದರಿಂದ ಹೆದರಬೇಕಾಗಿಲ್ಲ. ಎಲ್ಲ ತಿಂಡಿಗೂ ಶುದ್ಧ ನಾರು ಬೆರೆಸಿ ‘ಆರೋಗ್ಯಕರ’ ಎಂದು ಮಾರುವ ರೂಢಿಯ ಬಗ್ಗೆ ಮಾತ್ರ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಆ ಸಂಶೋಧಕರ ಕಳವಳವೂ ಅದೇ ಆಗಿತ್ತು.

ಕೀಟೋ ಮಾಡಿದ ನನ್ನ ಗೆಳೆಯನಿಗೆ ನಾರು ತಿನ್ನದೇ ಲಿವರ್ ಸರಿಯಾಯ್ತು. ಅದಕ್ಕೇನಂತೀರಿ?

ಆಗಿರಬಹುದು, ನಂಬುತ್ತೇನೆ. ಶರ್ಕರಪಿಷ್ಟ ತುಂಬ ಕಡಿಮೆ ಮಾಡಿದರೆ ಎರಡು ವಾರದಲ್ಲೇ ಲಿವರ್ ಕೊಬ್ಬು ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಇನ್ಸುಲಿನ್ ಇಳಿದು, ಲಿವರ್ ಕೊಬ್ಬನ್ನು ಉರಿಸಲು ತೊಡಗುತ್ತದೆ. ಅದೂ ಒಂದು ದಾರಿ, ನಾರು ಇನ್ನೊಂದು. ಕಷ್ಟ ಇರುವುದು ಅದನ್ನು ವರ್ಷಗಟ್ಟಲೆ ನಡೆಸುವುದರಲ್ಲಿ. ಕೆಲವರಿಗೆ ಎಲ್‌ಡಿಎಲ್ ತುಂಬ ಏರುತ್ತದೆ. ಹೃದಯದ ಅಪಾಯ ಮೊದಲೇ ಜಾಸ್ತಿ ಇರುವ ಈ ಕಾಯಿಲೆಯಲ್ಲಿ ಅದನ್ನು ಕಡೆಗಣಿಸುವಂತಿಲ್ಲ. ಕೀಟೋ ಬಿಡಲು ಇಷ್ಟವಿಲ್ಲದಿದ್ದರೆ ಸೊಪ್ಪು, ಬೀಜಗಳಿಂದ ನಾರನ್ನಾದರೂ ಸೇರಿಸಿಕೊಳ್ಳಿ, ಲಿಪಿಡ್ ಪರೀಕ್ಷೆ ಮಾಡಿಸಿಕೊಳ್ಳುತ್ತಿರಿ.

ಅಪ್ಪನಿಗೆ ಸಿರೋಸಿಸ್ ಆಗಿದೆ. ಅವರಿಗೂ ಇದೇ ಸಲಹೆನಾ?

ಇಲ್ಲ, ಅದು ಬೇರೆ ಹಂತ. ಅಲ್ಲಿ ಲಿವರ್ ಕೊಬ್ಬಿನ ಚಿಂತೆಗಿಂತ ಸ್ನಾಯು ಕರಗದಂತೆ ನೋಡಿಕೊಳ್ಳುವುದು ಮುಖ್ಯ. ಕ್ಯಾಲೊರಿ, ಪ್ರೋಟೀನ್ ಕಡಿಮೆ ಮಾಡಬಾರದು. ಬರೀ ನಾರಿನಿಂದಲೇ ಹೊಟ್ಟೆ ತುಂಬಿ ಊಟ ಕಡಿಮೆಯಾದರೆ ತೊಂದರೆ. ಆದರೆ ಮಲಬದ್ಧತೆ ಆಗಲೇಬಾರದು. ಕರುಳಿನ ಅಮೋನಿಯಾ ಮೆದುಳಿಗೆ ಹೋಗಿ ಗೊಂದಲ, ಮಂಪರು ತರುತ್ತದೆ. ಅದಕ್ಕೆ ವೈದ್ಯರು ಕೊಡುವ ಲ್ಯಾಕ್ಟುಲೋಸ್ ಸಿರಪ್ ಕೂಡ ನಾರಿನ ದಾರಿಯಲ್ಲೇ ಕೆಲಸ ಮಾಡುತ್ತದೆ: ನಮಗೆ ಜೀರ್ಣವಾಗದ ಸಕ್ಕರೆ ಅದು. ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲ ಮಾಡುತ್ತವೆ, ಆಮ್ಲದಲ್ಲಿ ಅಮೋನಿಯಾ ಸಿಕ್ಕಿಹಾಕಿಕೊಂಡು ಹೊರಹೋಗುತ್ತದೆ. ಅಪ್ಪನ ಊಟದ ಪಟ್ಟಿಯನ್ನು ಅವರ ಲಿವರ್ ತಜ್ಞರೂ ಆಹಾರ ತಜ್ಞರೂ ಸೇರಿ ಹಾಕಲಿ.

ಥೈರಾಯ್ಡ್, ಸಕ್ಕರೆ ಮಾತ್ರೆ ತಗೋತೀನಿ. ನಾರಿನಿಂದ ತೊಂದರೆ ಇದೆಯಾ?

ಊಟದಲ್ಲಿರುವ ನಾರಿನಿಂದ ದೊಡ್ಡ ತೊಂದರೆ ಇಲ್ಲ. ಇಸಬ್‌ಗೋಲ್‌ನಂಥ ಪುಡಿಗಳು ಮಾತ್ರ ಮಾತ್ರೆಗಳು ರಕ್ತ ಸೇರುವುದನ್ನು ತಡೆಯಬಹುದು, ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್ ಇದರಲ್ಲಿ ಮುಖ್ಯ. ಥೈರಾಯ್ಡ್ ಮಾತ್ರೆಗೂ ಪುಡಿಗೂ ನಡುವೆ ನಾಲ್ಕು ಗಂಟೆ ಅಂತರ ಇಡಿ. ಬೇರೆ ಔಷಧಿಗಳಿಗೆ ಎರಡು ಗಂಟೆ ಬಿಟ್ಟರೆ ಸಾಮಾನ್ಯವಾಗಿ ಸಾಕು. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಿಸಿದ ಮೊದಲ ವಾರಗಳಲ್ಲಿ ಸಕ್ಕರೆಯನ್ನು ಆಗಾಗ ಅಳೆಯಿರಿ. ಸಿಹಿ ಕಡಿಮೆಯಾಗಿ ನಾರು ಜಾಸ್ತಿಯಾದಾಗ ಹಳೆಯ ಡೋಸ್ ಹೆಚ್ಚಾಗಿಬಿಡಬಹುದು. ಆಗ ನೀವೇ ಮಾತ್ರೆ ನಿಲ್ಲಿಸಬೇಡಿ, ಅಳತೆಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ.